ಬ್ರೋಶರ್‌ನ 650 ಎಂಎಂ, ನಮ್ಮ ಹಳ್ಳದ ಕೆಂಪು ಗೆರೆ

ನಮ್ಮ ತೋಟಕ್ಕೆ ಹೋಗೋ ದಾರೀಲಿ ಒಂದು ಹಳ್ಳ ಇದೆ. ಸಕಲೇಶಪುರದ ಕಡೆ ಇಂಥ ಹಳ್ಳ ನೂರಾರು ಸಿಗತ್ತೆ, ಬೇಸಿಗೇಲಿ ಚಪ್ಪಲಿ ಕೈಲಿ ಹಿಡ್ಕೊಂಡು ಆರಾಮಾಗಿ ದಾಟಬಹುದು, ಆದ್ರೆ ಆರಿದ್ರಾ ಮಳೆ ಹಿಡೀತು ಅಂದ್ರೆ ಆಶ್ಲೇಷ ಮುಗಿಯೋವರೆಗೂ ಅದರ ಮುಖವೇ ಬೇರೆ. ಸೇತುವೆ ಇಲ್ಲ, ಜನ ದಾಟೋಕೆ ಮೇಲ್ಗಡೆ ಒಂದು ಅಡಿಕೆ ಮರದ ಸಂಕ ಇದೆ ಅಷ್ಟೆ, ಗಾಡಿ ನೀರಲ್ಲೇ ಇಳೀಬೇಕು. ಆ ಕಡವಿನ ಪಕ್ಕ ಒಂದು ದೊಡ್ಡ ಕಲ್ಲಿದೆ, ಅದರ ಮೇಲೆ ಅಪ್ಪಯ್ಯ ಎಷ್ಟೋ ವರ್ಷದ ಹಿಂದೆ ಪೇಂಟ್‌ನಲ್ಲಿ ಎರಡು ಗೆರೆ ಎಳೆದಿದ್ರು. ಕೆಳಗಿನದು ಬಿಳಿ, ಹಳ್ಳದ ಆಳದ ಜಾಗದಿಂದ ಲೆಕ್ಕ ಹಾಕಿದ್ರೆ ಒಂದಡಿ, ಅಂದ್ರೆ ಸುಮಾರು 30 ಸೆಂ.ಮೀ. ಮೇಲಿನದು ಕೆಂಪು, ಒಂದೂವರೆ ಅಡಿ, 45 ಸೆಂ.ಮೀ. ಬಿಳಿ ಗೆರೆ ಕಾಣ್ತಿದ್ರೆ ದಾಟು, ಬಿಳಿ ಮುಳುಗಿ ಕೆಂಪು ಕಾಣ್ತಿದ್ರೆ ಇಳಿದು ನಡೆದು ನೋಡಿ ದಾಟು, ಕೆಂಪೂ ಮುಳುಗಿದ್ರೆ ಗಾಡಿ ತಿರುಗಿಸು, ಇಲ್ಲಾ ಅಲ್ಲೇ ಕೂತ್ಕೋ.

ಈಗ ಬೆಂಗಳೂರಿಂದ ಹೊಸ 4x4 ತಗೊಂಡು ಬರೋ ಫ್ರೆಂಡ್ಸ್ ಎಲ್ರೂ ಆ ಕಲ್ಲು ನೋಡಿ ಒಂದೇ ಪ್ರಶ್ನೆ ಕೇಳ್ತಾರೆ. ಥಾರ್‌ಗೆ ವಾಟರ್ ವೇಡಿಂಗ್ 650 ಎಂಎಂ ಅಂತ ಕಂಪನಿನೇ ಕೊಟ್ಟಿದೆ, ಗೂರ್ಖಾಗೆ 700, ಹೈಲಕ್ಸ್‌ಗೂ 700, ಡಿಫೆಂಡರ್ ಅಂತೂ 900, ಹಂಗಿದ್ಮೇಲೆ ನಿಮ್ಮ ಗೆರೆ 450ಕ್ಕೇ ಯಾಕೆ ನಿಂತಿದೆ ಅಂತ. ಒಳ್ಳೇ ಪ್ರಶ್ನೆನೇ. ಪ್ರತಿ ಸಲ ಹಳ್ಳದ ದಡದಲ್ಲಿ ಮಳೇಲಿ ನೆನೀತಾ ಉತ್ತರ ಹೇಳಿ ಸಾಕಾಗಿದೆ, ಅದಕ್ಕೆ ಕೂತು ಬರೀತಿದೀನಿ, ಗಾಡಿ ನೀರಿಗಿಳಿದಾಗ ನಿಜವಾಗ್ಲೂ ಏನೇನಾಗತ್ತೆ ಅಂತ.

ಮೊದಲು ಆ ನಂಬರ್ ಏನು ಅಂತ ತಿಳ್ಕೋಬೇಕು. ನೆಲದಿಂದ ನೀರಿನ ಮೇಲ್ಮೈವರೆಗೆ ಇಷ್ಟು ಎತ್ತರ ಇದ್ರೆ ಗಾಡಿ ತೊಂದರೆ ಇಲ್ದೆ ದಾಟತ್ತೆ ಅನ್ನೋದು ಅದರ ಅರ್ಥ. ಆದ್ರೆ ಅದರ ಹಿಂದೆ ಹೇಳದೇ ಇರೋ ಕೆಲವು ಮಾತಿದೆ: ನೀರು ನಿಂತ ನೀರಾಗಿರ್ಬೇಕು, ತಳ ಸಮ ಇರ್ಬೇಕು, ಗಟ್ಟಿ ಇರ್ಬೇಕು, ಗಾಡಿ ನಿಧಾನಕ್ಕೆ ಹೋಗ್ಬೇಕು, ಗಾಡಿಯ ರಬ್ಬರ್ ಸೀಲ್‌ಗಳೆಲ್ಲ ಹೊಸದಿದ್ದಂಗೇ ಇರ್ಬೇಕು. ನಮ್ಮ ಹಳ್ಳದಲ್ಲಿ ಇದರಲ್ಲಿ ಒಂದೂ ಇಲ್ಲ. ನೀರು ಓಡ್ತಿರತ್ತೆ, ತಳದಲ್ಲಿ ಉರುಟು ಕಲ್ಲು, ಹೋದ ವಾರ ಇಲ್ಲದ ಗುಂಡಿ ಈ ವಾರ ಇರತ್ತೆ.

ಮಿಕ್ಕ ಸಮಸ್ಯೆ ಎಲ್ಲ ಆಮೇಲೆ, ಮೊದಲು ಇಂಜಿನ್ ಉಸಿರಾಟದ ವಿಷಯ. ಇಂಜಿನ್ ಅಂದ್ರೆ ಒಂದು ದೊಡ್ಡ ಗಾಳಿ ಪಂಪ್ ಅಂತ ಇಟ್ಕೊಳಿ. 2.2 ಲೀಟರ್ ಡೀಸೆಲ್ ಇಂಜಿನ್ 2,000 ಆರ್‌ಪಿಎಂನಲ್ಲಿ ತಿರುಗ್ತಿದ್ರೆ ಟರ್ಬೋ ಲೆಕ್ಕ ಬಿಟ್ಟು ನಿಮಿಷಕ್ಕೆ 2,200 ಲೀಟರ್ ಗಾಳಿ ಎಳ್ಕೊಳತ್ತೆ, ಸೆಕೆಂಡಿಗೆ 36 ಲೀಟರ್ ಆಯ್ತು. ಮನೇಲಿರೋ ವ್ಯಾಕ್ಯೂಮ್ ಕ್ಲೀನರ್ ಥರ, ಬಾಯಿ ಹತ್ರ ಏನು ಸಿಕ್ಕಿದ್ರೂ ಒಳಗೆ. ಗಾಳಿ ಸಿಕ್ರೆ ಗಾಳಿ, ನೀರು ಸಿಕ್ರೆ ನೀರು. ಈಗ ಸಿಲಿಂಡರ್ ಒಳಗೆ ಏನಾಗತ್ತೆ ನೋಡಿ. ನಾಲ್ಕು ಸಿಲಿಂಡರ್‌ಗೆ ಹಂಚಿದ್ರೆ ಒಂದೊಂದಕ್ಕೆ ಸುಮಾರು 550 ಸಿಸಿ. ಡೀಸೆಲ್‌ನಲ್ಲಿ ಕಂಪ್ರೆಷನ್ ರೇಷಿಯೋ, ಅಂದ್ರೆ ಗಾಳಿನ ಎಷ್ಟು ಪಟ್ಟು ಒತ್ತತ್ತೆ ಅನ್ನೋದು, 16ಕ್ಕೆ 1 ಅಂತ ಹಿಡಿದ್ರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯೋ ಜಾಗ 36 ಎಂಎಲ್ ಆಸುಪಾಸು. ಹೋಟ್ಲಲ್ಲಿ ಬೈಟೂ ಕಾಫಿ ಕೊಡ್ತಾರಲ್ಲ, ಅದರ ಅರ್ಧ ಇರಬಹುದು ಅಷ್ಟೆ. ಗಾಳಿ ಆದ್ರೆ ಅಷ್ಟು ಸಣ್ಣ ಜಾಗಕ್ಕೆ ಒತ್ತಿಸ್ಕೊಂಡು ಕೂರತ್ತೆ. ನೀರು ಒತ್ತಿಸ್ಕೊಳಲ್ಲ. 36 ಎಂಎಲ್‌ಗಿಂತ ಜಾಸ್ತಿ ನೀರು ಒಳಗಿದ್ರೆ ಪಿಸ್ಟನ್‌ಗೆ ಮೇಲೆ ಹೋಗೋಕೆ ಜಾಗನೇ ಇಲ್ಲ, ಆದ್ರೆ ಕೆಳಗಿಂದ ಕ್ರ್ಯಾಂಕ್ ತಳ್ತಾನೇ ಇರತ್ತೆ, ಗಾಡಿಯ ವೇಗ, ಫ್ಲೈವೀಲ್ ತೂಕ ಎಲ್ಲ ಸೇರ್ಕೊಂಡು ತಳ್ಳತ್ತೆ, ಮಧ್ಯದಲ್ಲಿರೋ ಕನೆಕ್ಟಿಂಗ್ ರಾಡ್ ಬಾಗತ್ತೆ, ಇಲ್ಲಾ ಮುರಿದು ಬ್ಲಾಕ್ ಒಡ್ಕೊಂಡು ಹೊರಗೆ ಬರತ್ತೆ. ಇದಕ್ಕೇ ಹೈಡ್ರೋಲಾಕ್ ಅನ್ನೋದು. 2,000 ಆರ್‌ಪಿಎಂನಲ್ಲಿ ಒಂದೊಂದು ಸಿಲಿಂಡರ್ ಸೆಕೆಂಡಿಗೆ 16 ಸಲ ಗಾಳಿ ಎಳೀತಿರತ್ತೆ, ಹಂಗಾಗಿ ನಿಮಗೆ ಗೊತ್ತಾಗಿ ಕಾಲು ತೆಗೆಯೋಷ್ಟು ಟೈಮೇ ಇರಲ್ಲ.

ನಮ್ಮ ಪಕ್ಕದ ತೋಟದವರ ಗಾಡಿ ಒಂದು ಜುಲೈನಲ್ಲಿ ಇದೇ ಹಳ್ಳದ ಮಧ್ಯ ಆಫ್ ಆಯ್ತು. ಆವಾಗ ಇಂಜಿನ್‌ಗೆ ಬಹುಶಃ ಏನೂ ಆಗಿರಲಿಲ್ಲ, ಸ್ವಲ್ಪ ನೀರು ಹೋಗಿ ಉಸಿರು ಕಟ್ಟಿ ನಿಂತಿತ್ತು ಅಷ್ಟೆ. ಅವರು ಗಾಬರೀಲಿ ಕೀ ತಿರುಗಿಸಿದ್ರು, ಒಂದ್ಸಲ, ಎರಡನೇ ಸಲ, ಮೂರನೇ ಸಲ ಟಕ್ ಅಂತ ಒಂದು ಸೌಂಡ್ ಬಂತು, ನಾನು ದಡದಲ್ಲಿ ನಿಂತಿದ್ದೆ, ಇವತ್ತಿಗೂ ಆ ಸೌಂಡ್ ಕಿವೀಲಿದೆ. ಆಮೇಲೆ ಇಂಜಿನ್ ಬಿಚ್ಚಿದಾಗ ಎರಡನೇ ಸಿಲಿಂಡರ್‌ನ ರಾಡ್ ಬಾಳೆ ದಿಂಡಿನ ಸಿಪ್ಪೆ ಬಾಗಿದಂಗೆ ಬಾಗಿತ್ತು. ಇನ್ಶೂರೆನ್ಸ್‌ನವರು ದುಡ್ಡು ಕೊಡಲ್ಲ ಅಂದ್ರು, ಯಾಕಂದ್ರೆ ಸಾಮಾನ್ಯ ಪಾಲಿಸೀಲಿ ಈ ಥರ ಇಂಜಿನ್ ಒಳಗೆ ನೀರು ಹೋಗಿ ಆಗೋ ಡ್ಯಾಮೇಜ್ ಸೇರಲ್ಲ, ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಆಡ್-ಆನ್ ತಗೊಂಡಿರ್ಬೇಕು. ಮಲೆನಾಡಲ್ಲಿ, ಕರಾವಳೀಲಿ ಇರೋರು ದಯವಿಟ್ಟು ಇವತ್ತೇ ಪಾಲಿಸಿ ತೆಗೆದು ನೋಡ್ಕೊಳಿ.

ಹಂಗಾಗಿ ನೀರಲ್ಲಿ ಗಾಡಿ ತಾನಾಗೇ ಆಫ್ ಆದ್ರೆ ಮತ್ತೆ ಸ್ಟಾರ್ಟ್ ಮಾಡ್ಬೇಡಿ. ಒಂದ್ಸಲವೂ ಬೇಡ. ಹಗ್ಗ ಹಾಕಿ ಎಳೆಸ್ಕೊಳಿ, ಎಳೆಯುವಾಗ ಗೇರ್ ನ್ಯೂಟ್ರಲ್‌ನಲ್ಲಿ ಇರ್ಲಿ, ಇಲ್ಲಾಂದ್ರೆ ಚಕ್ರನೇ ಇಂಜಿನ್ ತಿರುಗಿಸಿ ಅದೇ ಕೆಲಸ ಮಾಡತ್ತೆ. ದಡಕ್ಕೆ ಬಂದ್ಮೇಲೆ ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಫಿಲ್ಟರ್ ಒಣಗಿದ್ರೆ ಬದುಕಿದ್ರಿ, ಅದು ಬೇರೆ ಏನೋ ವೈರಿಂಗ್ ಸಮಸ್ಯೆ ಇರಬಹುದು. ಫಿಲ್ಟರ್ ಒದ್ದೆ ಆಗಿದ್ರೆ ಮೆಕ್ಯಾನಿಕ್ ಬರೋವರೆಗೂ ಕೈ ಇಡ್ಬೇಡಿ. ಪೆಟ್ರೋಲ್ ಆದ್ರೆ ಸ್ಪಾರ್ಕ್ ಪ್ಲಗ್, ಡೀಸೆಲ್ ಆದ್ರೆ ಗ್ಲೋ ಪ್ಲಗ್ ಇಲ್ಲಾ ಇಂಜೆಕ್ಟರ್ ಬಿಚ್ಚಿ ಆಮೇಲೆ ಇಂಜಿನ್ ತಿರುಗಿಸಿದ್ರೆ ನೀರು ಆ ತೂತಿಂದ ಪಿಚಕಾರಿ ಥರ ಹೊರಗೆ ಬರತ್ತೆ. ಜೊತೆಗೆ ಡಿಪ್‌ಸ್ಟಿಕ್ ತೆಗೆದು ಆಯಿಲ್ ನೋಡಿ, ಹಾಲು ಜಾಸ್ತಿ ಹಾಕಿದ ಟೀ ಬಣ್ಣಕ್ಕೆ ತಿರುಗಿದ್ರೆ ಒಳಗೆ ನೀರು ಸೇರಿದೆ ಅಂತ, ಆಯಿಲ್ ಬದಲಾಯಿಸದೆ ಓಡಿಸೋ ಹಂಗಿಲ್ಲ.

ಇಷ್ಟೆಲ್ಲ ಆದ್ಮೇಲೆ ಸಹಜವಾಗಿ ಬರೋ ಪ್ರಶ್ನೆ, ನಮ್ಮ ಗಾಡಿ ಉಸಿರಾಡೋ ಬಾಯಿ ಎಲ್ಲಿದೆ? ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿಯಿಂದ ಶುರು ಮಾಡಿ ಪೈಪ್ ಹಿಡ್ಕೊಂಡು ಹೋಗಿ. ಎಷ್ಟೋ ಗಾಡೀಲಿ ಅದು ಗ್ರಿಲ್ ಹಿಂದೆ, ಹೆಡ್‌ಲೈಟ್ ಪಕ್ಕ, ಇಲ್ಲಾ ಫೆಂಡರ್ ಒಳಗೆ ಹೋಗಿ ಮುಗಿಯತ್ತೆ. ಅಲ್ಲಿಂದ ನೆಲಕ್ಕೆ ಟೇಪ್ ಇಟ್ಟು ಅಳೀರಿ. ಗಾಡಿ ತಗೊಂಡ ದಿನವೇ ಮಾಡ್ಬೇಕಾದ ಕೆಲಸ ಇದು, ಹತ್ತು ನಿಮಿಷ ಸಾಕು.

ಈ ಬಾಯಿನ ಪೈಪ್ ಹಾಕಿ ಗಾಡಿಯ ಚಾವಣಿ ಎತ್ತರಕ್ಕೆ ಒಯ್ಯೋದಕ್ಕೆ ಸ್ನಾರ್ಕಲ್ ಅಂತಾರೆ. ಸ್ನಾರ್ಕಲ್ ಹಾಕಿಸಿದೀನಿ, ನಂಗೇನು ಭಯ ಇಲ್ಲ ಅನ್ನೋರಿಗೆ ಒಂದು ಸಣ್ಣ ಪರೀಕ್ಷೆ ಹೇಳ್ತೀನಿ. ಇಂಜಿನ್ ಐಡ್ಲಿಂಗ್‌ನಲ್ಲಿಟ್ಟು ಸ್ನಾರ್ಕಲ್ ತುದಿಯನ್ನ ಪ್ಲಾಸ್ಟಿಕ್ ಹಾಳೆ ಇಲ್ಲಾ ಅಂಗೈ ಇಟ್ಟು ಪೂರ್ತಿ ಮುಚ್ಚಿ. ಇಂಜಿನ್ ಉಸಿರು ಕಟ್ಟಿ ಏದುಸಿರು ಬಿಡ್ಬೇಕು, ಆಫ್ ಆಗ್ಬೇಕು. ಏನೂ ಆಗದಂಗೆ ಓಡ್ತಾನೇ ಇದ್ರೆ ಕೆಳಗೆಲ್ಲೋ ಜಾಯಿಂಟ್‌ನಲ್ಲಿ ಗಾಳಿ ಎಳ್ಕೊಳ್ತಿದೆ, ನೀರೊಳಗೆ ಹೋದಾಗ ಅಲ್ಲಿಂದಲೇ ನೀರೂ ಎಳ್ಕೊಳತ್ತೆ. ಹೊರಗಡೆ ಹಾಕಿಸಿದ ಸ್ನಾರ್ಕಲ್‌ಗಳಲ್ಲಿ ಈ ಜಾಯಿಂಟ್ ಲೀಕ್ ಬಹಳ ನೋಡಿದೀನಿ. ಏರ್ ಬಾಕ್ಸ್ ಕೆಳಗೆ ನೀರು ಸೋರಿಹೋಗ್ಲಿ ಅಂತ ಒಂದು ರಬ್ಬರ್ ಬಾಯಿ ಇಲ್ಲಾ ತೂತು ಇರತ್ತೆ, ಸ್ನಾರ್ಕಲ್ ಹಾಕುವಾಗ ಅದನ್ನ ಸೀಲ್ ಮಾಡೋದು ಮರೀತಾರೆ. ಇನ್ನೊಂದು ವಿಷಯ, ಸ್ನಾರ್ಕಲ್ ಇಂಜಿನ್‌ಗೆ ಮಾತ್ರ ಉಸಿರು ಕೊಡತ್ತೆ. ವೈರಿಂಗ್, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್), ಗೇರ್‌ಬಾಕ್ಸ್, ಬೇರಿಂಗ್, ಒಳಗೆ ಕೂತಿರೋ ಜನ, ಇವರ್ಯಾರಿಗೂ ಅದು ಏನೂ ಮಾಡಲ್ಲ.

ಈಗ ನೀರಲ್ಲಿ ಓಡಿಸೋ ರೀತಿ. ವೀಡಿಯೋಗಳಲ್ಲಿ ಎರಡೂ ಕಡೆ ರೆಕ್ಕೆ ಥರ ನೀರು ಹಾರಿಸ್ಕೊಂಡು ಹೋಗ್ತಾರಲ್ಲ, ಅದು ಒಂದಡಿ ನೀರಲ್ಲಿ ಫೋಟೋಕ್ಕೆ ಚೆನ್ನ, ಆಳದ ನೀರಲ್ಲಿ ಅದೇ ಗಾಡಿ ಕೊಲ್ಲತ್ತೆ, ಬಾನೆಟ್ ಮೇಲೆ ಬಂದ ನೀರು ಸೀದಾ ಇಂಟೇಕ್‌ಗೆ. ಇಳಿಯೋವಾಗ ಮಗು ನಡೆಯೋ ಸ್ಪೀಡ್. ಇಳಿದ ಮೇಲೆ ಗಾಡಿ ಮುಂದೆ ಒಂದು ಅಲೆ ಏಳತ್ತೆ, ಬಂಪರ್ ಮುಂದೆ ದಿಬ್ಬ, ಅದರ ಹಿಂದೆ ಇಂಜಿನ್ ಇರೋ ಜಾಗದಲ್ಲಿ ಸ್ವಲ್ಪ ತಗ್ಗು. ಆ ತಗ್ಗೇ ನಮಗೆ ಬೇಕಾಗಿರೋದು, ಅಲ್ಲಿ ನೀರಿನ ಮಟ್ಟ ಸುತ್ತಮುತ್ತಕ್ಕಿಂತ ಕಮ್ಮಿ ಇರತ್ತೆ. ಗಂಟೆಗೆ 5-6 ಕಿ.ಮೀ., ನಾವು ಚುರುಕಾಗಿ ನಡೆಯೋ ಸ್ಪೀಡ್ ಅಂತ ಇಟ್ಕೊಳಿ, ಆ ಸ್ಪೀಡಲ್ಲಿ ಅಲೆ ಮುಂದೆ ಮುಂದೆ ಹೋಗತ್ತೆ, ಗಾಡಿ ಅದರ ಹಿಂದೆ ಹಿಂದೆ. ಸ್ಪೀಡ್ ಜಾಸ್ತಿ ಮಾಡಿದ್ರೆ ಅಲೆ ಮೇಲೆ ನಾವೇ ಹತ್ತಿಬಿಡ್ತೀವಿ, ಕಮ್ಮಿ ಮಾಡಿದ್ರೆ, ನಿಲ್ಲಿಸಿದ್ರೆ, ಅಲೆ ವಾಪಸ್ ಬಂದು ತಗ್ಗು ತುಂಬ್ಕೊಳತ್ತೆ. ಮುಂದೆ ಇನ್ನೊಂದು ಗಾಡಿ ನೀರಲ್ಲಿದ್ರೆ ಅದು ಹತ್ತೋವರೆಗೂ ಕಾಯ್ಬೇಕು, ಅದರ ಅಲೆ ನಮಗೆ ಹೊಡೀಬಾರ್ದು.

ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಬಲದ ಗೇರ್), ಫಸ್ಟ್ ಇಲ್ಲಾ ಸೆಕೆಂಡ್ ಗೇರ್, ದಡದಲ್ಲೇ ಹಾಕ್ಕೊಂಡು ಬಿಡಿ, ಮಧ್ಯದಲ್ಲಿ ಗೇರ್ ಚೇಂಜ್ ಇಲ್ಲ, ಕ್ಲಚ್ ಮುಟ್ಟೋ ಹಂಗಿಲ್ಲ. ಕ್ಲಚ್ ತುಳಿದಾಗ ಪ್ಲೇಟ್‌ಗಳ ಮಧ್ಯ ಜಾಗ ಬಿಡತ್ತೆ, ಬೆಲ್ ಹೌಸಿಂಗ್ (ಕ್ಲಚ್ ಸುತ್ತ ಇರೋ ಡಬ್ಬಿ) ಒಳಗೆ ನೀರು ಬಂದಿದ್ರೆ ಆ ಮಧ್ಯಕ್ಕೆ ಹೋಗತ್ತೆ, ಆಮೇಲೆ ಕ್ಲಚ್ ಬಿಟ್ರೂ ಜಾರತ್ತೆ, ಇಂಜಿನ್ ಕೂಗತ್ತೆ ಗಾಡಿ ಹೋಗಲ್ಲ. ಆಟೋಮ್ಯಾಟಿಕ್ ಇರೋರು ಮ್ಯಾನುವಲ್ ಮೋಡ್‌ನಲ್ಲಿ ಗೇರ್ ಹಿಡಿದಿಟ್ಕೊಳಿ. ಆಕ್ಸಿಲರೇಟರ್ ಒಂದೇ ಸಮ. ಸೈಲೆನ್ಸರ್ ನೀರೊಳಗೆ ಮುಳುಗಿದ್ರೂ ಇಂಜಿನ್ ಓಡ್ತಿರೋವಾಗ ಹೊಗೆ ತಳ್ಳೋ ಒತ್ತಡಕ್ಕೆ ನೀರು ಒಳಗೆ ಬರಲ್ಲ, ಗುಳು ಗುಳು ಅಂತ ಸೌಂಡ್ ಕೇಳಿ ಹೆದರೋದು ಬೇಡ.

ಫ್ಯಾನ್ ವಿಷಯ ಬಹಳ ಜನಕ್ಕೆ ಹೊಳೆಯಲ್ಲ. ರೇಡಿಯೇಟರ್ ಫ್ಯಾನ್ ಗಾಳಿಗೆ ಅಂತ ಮಾಡಿರೋದು, ತಿರುಗ್ತಿರೋ ಬ್ಲೇಡ್ ನೀರಿಗೆ ಹೊಡೆದ್ರೆ ಬಾಗಿ ಮುಂದಿರೋ ರೇಡಿಯೇಟರ್ ಕೊರೆಯತ್ತೆ, ಜೊತೆಗೆ ನೀರನ್ನ ಇಂಜಿನ್ ತುಂಬ ಎರಚತ್ತೆ. ನಮ್ಮ ಹಳೇ ಮಹೀಂದ್ರಾ ಜೀಪಲ್ಲಿ, ಪೆಜೊ ಡೀಸೆಲ್ ಇಂಜಿನ್‌ದು, ಫ್ಯಾನ್ ಸೀದಾ ಬೆಲ್ಟಿಗೆ ಸೇರಿದೆ, ಅಪ್ಪಯ್ಯ ಆಳದ ನೀರಾದ್ರೆ ದಡದಲ್ಲಿ ಬೆಲ್ಟ್ ಸಡಿಲ ಮಾಡಿ ಆ ಕಡೆ ಹೋಗಿ ಮತ್ತೆ ಬಿಗಿ ಮಾಡ್ತಿದ್ರು. ಈಗಿನ ಗಾಡೀಲಿ ಅದಾಗಲ್ಲ, ಎಲ್ಲಾ ಒಂದೇ ಬೆಲ್ಟು. ಎಲೆಕ್ಟ್ರಿಕ್ ಫ್ಯಾನ್ ಇದ್ರೆ ಕನಿಷ್ಠ ಎಸಿ ಆಫ್ ಮಾಡಿ, ಎಸಿ ಆನ್ ಇದ್ರೆ ಫ್ಯಾನ್ ತಿರುಗ್ತಿರತ್ತೆ. ದಡದಲ್ಲಿ ಐದು ನಿಮಿಷ ನಿಲ್ಲಿಸಿ ಬಿಸಿ ಇಳಿಯೋಕೆ ಬಿಟ್ರೆ ಇನ್ನೂ ಒಳ್ಳೇದು. ಗ್ರಿಲ್ ಮುಂದೆ ಟಾರ್ಪಾಲ್ ಕಟ್ಟಿದ್ರೆ ಮುಂದಿಂದ ನುಗ್ಗೋ ನೀರು ತಡೆಯತ್ತೆ, ಅಲೆನೂ ಚೆನ್ನಾಗಿ ಏಳತ್ತೆ, ಹಳಬರ ಒಳ್ಳೇ ಉಪಾಯ ಅದು, ದಾಟಿದ ತಕ್ಷಣ ಬಿಚ್ಚೋದು ಮರೀಬಾರ್ದು.

ಇಲ್ಲೀವರೆಗೆ ಹೇಳಿದ್ದು ನಿಂತ ನೀರಿನ ಕಥೆ. ಇದನ್ನೆಲ್ಲ ಸರಿಯಾಗಿ ಮಾಡಿದ್ರೂ ಓಡೋ ನೀರು ಗಾಡಿ ತಗೊಂಡು ಹೋಗತ್ತೆ, ನನಗೆ ನಿಜವಾಗ್ಲೂ ಹೆದರಿಕೆ ಇರೋದು ಇದ್ರದ್ದೇ.

ಕೊಡ ನೀರಲ್ಲಿ ಬಿಟ್ರೆ ತೇಲತ್ತಲ್ಲ, ಗಾಡಿನೂ ಹಂಗೇ. ಒಂದು ವಸ್ತು ಎಷ್ಟು ಲೀಟರ್ ನೀರನ್ನ ಪಕ್ಕಕ್ಕೆ ಸರಿಸತ್ತೋ ಅಷ್ಟು ಕೆಜಿ ತೂಕ ಅದಕ್ಕೆ ಕಮ್ಮಿ ಆಗತ್ತೆ. ಥಾರ್ ಥರದ ಗಾಡಿ ಸುಮಾರು 1,750 ಕೆಜಿ ಇರತ್ತೆ. ನಾಲ್ಕು ಟೈರ್ ಪೂರ್ತಿ ಮುಳುಗಿದ್ರೆ ಅವುಗಳಿಂದಲೇ ಸುಮಾರು 300 ಕೆಜಿ ಹಗುರ ಆಗತ್ತೆ. ಬಾಡಿಯ ತಳ 3 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಅಂತ ಕಮ್ಮಿನೇ ಇಟ್ಕೊಂಡ್ರೂ, ಫ್ಲೋರ್ ಮಟ್ಟಕ್ಕೆ ನೀರು ಬಂದ್ಮೇಲೆ ಅಲ್ಲಿಂದ ಪ್ರತಿ 10 ಸೆಂ.ಮೀ. ನೀರಿಗೆ 450 ಕೆಜಿ ಹಗುರ. ಬಾಗಿಲು ಸೀಲ್ ಚೆನ್ನಾಗಿದ್ರೆ ಇನ್ನೂ ಬೇಗ, ನೀರು ಒಳಗೆ ಬರೋದು ತಡ ಆಗತ್ತಲ್ಲ, ಅಷ್ಟು ಹೊತ್ತು ಗಾಡಿ ದೋಣಿ ಆಗಿರತ್ತೆ. ಟೈರಿಗೆ ಹಿಡಿತ ಬರೋದು ತೂಕದಿಂದ, ತೂಕ ಹೋದ್ರೆ ಮಡ್ ಟೆರೇನ್ ಟೈರಿರ್ಲಿ ಡಿಫ್ ಲಾಕ್ (ಎಡ ಬಲ ಎರಡೂ ಚಕ್ರ ಒಟ್ಟಿಗೇ ತಿರುಗಿಸೋ ವ್ಯವಸ್ಥೆ) ಇರ್ಲಿ ತಳದ ಕಲ್ಲು ಹಿಡಿಯೋಕಾಗಲ್ಲ. ನಮ್ಮ ಹಳೇ ಜೀಪಿನ ಫ್ಲೋರ್‌ನಲ್ಲಿ ನೀರು ಹೋಗೋಕೆ ತೂತಿದೆ, ಬಾಗಿಲಿಗೆ ಬರೀ ಕ್ಯಾನ್ವಾಸ್, ಚಿಕ್ಕವನಿದ್ದಾಗ ಕಾಲಡಿ ನೀರು ಬರ್ತಿತ್ತು ಅಂತ ನಾನು ಕಾಲು ಎತ್ಕೊಂಡು ಕೂರ್ತಿದ್ದೆ, ಅಪ್ಪಯ್ಯ ಬರ್ಲಿ ಬಿಡು ಅಂತಿದ್ರು, ಯಾಕೆ ಅಂತ ಅರ್ಥ ಆಗಿದ್ದು ಈ ಲೆಕ್ಕ ಗೊತ್ತಾದ್ಮೇಲೆ. ಒಳಗೆ ಬಂದ ನೀರು ಗಾಡೀನ ನೆಲಕ್ಕೆ ಒತ್ತಿ ಹಿಡಿಯತ್ತೆ. ಹೊಸ ಗಾಡಿ ತೇಲೋಕೆ ಶುರು ಆದ್ರೆ ಅನುಭವ ಇರೋರು ಬೇಕಂತಲೇ ಬಾಗಿಲು ತೆಗೆದು ನೀರು ಒಳಗೆ ಬಿಟ್ಕೊಳೋದು ಇದಕ್ಕೇ, ಕಾರ್ಪೆಟ್ ಹಾಳಾದ್ರೂ ಚಕ್ರ ನೆಲ ಮುಟ್ಟಬೇಕು.

ಇನ್ನು ಸೆಳವು. ನೀರಿನ ವೇಗ ಎರಡು ಪಟ್ಟಾದ್ರೆ ತಳ್ಳೋ ಶಕ್ತಿ ನಾಲ್ಕು ಪಟ್ಟಾಗತ್ತೆ, ಮೂರು ಪಟ್ಟಾದ್ರೆ ಒಂಬತ್ತು ಪಟ್ಟು. 4 ಮೀಟರ್ ಉದ್ದದ ಗಾಡಿ ಹೊಳೆಗೆ ಅಡ್ಡ ನಿಂತಿದೆ, ಅರ್ಧ ಮೀಟರ್ ಎತ್ತರಕ್ಕೆ ನೀರು ಅದರ ಪಕ್ಕಕ್ಕೆ ಹೊಡೀತಿದೆ ಅಂದ್ಕೊಳಿ. ಸೆಕೆಂಡಿಗೆ 1 ಮೀಟರ್ ವೇಗ, ಅಂದ್ರೆ ನಾವು ನಡೆಯೋ ವೇಗಕ್ಕಿಂತ ಸ್ವಲ್ಪ ಕಮ್ಮಿ, ಅದಕ್ಕೆ ಒಂದು ಕ್ವಿಂಟಾಲ್ ತೂಕದಷ್ಟು ತಳ್ಳುವಿಕೆ. 2 ಮೀಟರ್ ಆದ್ರೆ ನಾಲ್ಕು ಕ್ವಿಂಟಾಲ್. 3 ಮೀಟರ್ ಆದ್ರೆ ಒಂಬತ್ತು. ಮಳೆಗಾಲದ ಹಳ್ಳದಲ್ಲಿ 3 ಮೀಟರ್ ಏನೂ ದೊಡ್ಡದಲ್ಲ. ಇದು ಅಂದಾಜು ಲೆಕ್ಕ, ಗಾಡಿ ಕೆಳಗಿಂದಲೂ ನೀರು ಹೋಗೋದ್ರಿಂದ ಸ್ವಲ್ಪ ಆಚೀಚೆ ಆಗತ್ತೆ, ಆದ್ರೆ ಒಂದು ಕಡೆ ತೂಕ ಕಮ್ಮಿ ಆಗ್ತಿದೆ, ಇನ್ನೊಂದು ಕಡೆ ತಳ್ಳೋದು ಜಾಸ್ತಿ ಆಗ್ತಿದೆ, ಕೆಳಗೆ ಪಾಚಿ ಕಟ್ಟಿದ ಹಾಸುಬಂಡೆ, ಮೂರೂ ಸೇರಿದ್ರೆ ಏನಾಗತ್ತೆ ಅನ್ನೋದಕ್ಕೆ ಕರಾರುವಾಕ್ ಲೆಕ್ಕ ಬೇಕಾಗಲ್ಲ. ಹರಿಯೋ ನೀರು ಒಂದಡಿ ಇದ್ರೆ ಸಣ್ಣ ಕಾರು ತೇಲಬಹುದು, ಎರಡಡಿ ಇದ್ರೆ ಎಸ್‌ಯುವಿನೂ ಹೋಗತ್ತೆ ಅಂತ ಅಮೆರಿಕದ ಹವಾಮಾನ ಇಲಾಖೆ ಜನರಿಗೆ ಎಚ್ಚರಿಕೆ ಕೊಡ್ತಾನೇ ಇರತ್ತೆ. ಎರಡಡಿ ಅಂದ್ರೆ 610 ಎಂಎಂ, ಬ್ರೋಶರ್‌ನ 650ರ ಒಳಗೇ ಬಂತು ನೋಡಿ.

ಅದಕ್ಕೇ ನೀರು ಕೆಂಪು ಗೆರೆಗಿಂತ ಕೆಳಗಿದ್ರೂ ಮೊದಲು ನಡೀಬೇಕು. ಒಂದು ಗಟ್ಟಿ ಬಿದಿರು ಕೋಲು ತಗೊಂಡು, ಸೊಂಟಕ್ಕೆ ಹಗ್ಗ ಕಟ್ಕೊಂಡು ಒಬ್ರು ದಡದಲ್ಲಿ ಹಿಡ್ಕೊಂಡಿರೋವಾಗ, ಎರಡೂ ಚಕ್ರ ಹೋಗೋ ಜಾಡಲ್ಲಿ ನಡೆದು ಬರ್ಬೇಕು, ಎಲ್ಲಿ ಗುಂಡಿ, ಎಲ್ಲಿ ದೊಡ್ಡ ಕಲ್ಲು, ಎಲ್ಲಿ ಕೆಸರು ಅಂತ ಕಾಲಿಗೇ ಗೊತ್ತಾಗತ್ತೆ. ನೀರು ತೊಡೆ ಮಟ್ಟಕ್ಕೆ ಬಂದು ಕಾಲು ಊರೋಕಾಗ್ತಿಲ್ಲ ಅಂದ್ರೆ ಗಾಡಿನೂ ಊರಲ್ಲ. ಅಗಲವಾಗಿ ಹರಡಿ ಕಲ್ಲಿಗೆ ಬಡಿದು ಗದ್ದಲ ಮಾಡ್ಕೊಂಡು ಹರಿಯೋ ಕಡೆ ಸಾಮಾನ್ಯವಾಗಿ ಆಳ ಕಮ್ಮಿ, ಕಿರಿದಾಗಿ ಸದ್ದಿಲ್ಲದೆ ನುಣ್ಣಗೆ ಕಾಣೋದು ಮಡು. ತಿರುವಿನಲ್ಲಿ ಹೊರಗಿನ ದಡದ ಕಡೆ ಕೊರೆದಿರತ್ತೆ. ನೀರು ಕೆಂಪಾಗಿ, ತರಗೆಲೆ ಕಡ್ಡಿ ತೇಲ್ಕೊಂಡು ಬರ್ತಿದ್ರೆ ಮೇಲೆ ಘಟ್ಟದಲ್ಲಿ ಜೋರು ಮಳೆ ಆಗ್ತಿದೆ ಅಂತ, ನಮ್ಮಲ್ಲಿ ಬಿಸಿಲಿದ್ರೂ ಅರ್ಧ ಗಂಟೇಲಿ ನೀರು ಏರತ್ತೆ. ದಾಟೋ ಜಾಗದ ಕೆಳಗೆ ಏನಿದೆ ಅಂತಲೂ ನೋಡಿ, ಗಾಡಿ ಕೊಚ್ಚಿಹೋದ್ರೆ ಎಲ್ಲಿಗೆ ಹೋಗತ್ತೆ, ಮರಳು ದಿಣ್ಣೆಗೋ ಇಲ್ಲಾ ಬಿದ್ದ ಮರಕ್ಕೋ ಜಲಪಾತಕ್ಕೋ. ಜಾಗ ಇದ್ರೆ ಮೇಲ್ಗಡೆ ಇಳಿದು ಸ್ವಲ್ಪ ಕೆಳಗಡೆ ಹತ್ತೋ ಹಂಗೆ ಓರೆ ಹೋಗ್ತೀವಿ, ನೀರಿಗೆ ಎದುರು ನುಗ್ಗೋದು ತಪ್ಪತ್ತೆ. ಅಂದಹಾಗೆ ನಡೆದು ನೋಡೋ ಈ ಬುದ್ಧಿ ದಾಂಡೇಲಿ ಕಡೆ ಕಾಳಿ ನದೀಲಿ ಬೇಡ, ಅಲ್ಲಿ ಮೊಸಳೆ ಇದೆ. ಕಾಡೊಳಗಿನ ಹೊಳೇಲಿ ಮಜಾಕ್ಕೆ ಗಾಡಿ ಇಳಿಸೋದು ಎಲ್ಲೂ ಬೇಡ. ಮೀನು ಮೊಟ್ಟೆ ಇಡೋ ಕಲ್ಲುಗಳು ಅವು, ಕೆಳಗಿನ ಊರಿನವರು ಕುಡಿಯೋದು ಅದೇ ನೀರು, ಒಂದು ಗಾಡಿಯ ಗ್ರೀಸು ಆಯಿಲ್ ಸಾಕು ಕೆಡಿಸೋಕೆ. ಆಟಕ್ಕೆ ಅಂತಲೇ ಗೋವಾದಲ್ಲಿ 2014ರಿಂದ ರೇನ್‌ಫಾರೆಸ್ಟ್ ಚಾಲೆಂಜ್ ಅನ್ನೋ ಆಫ್‌ರೋಡ್ ಸ್ಪರ್ಧೆ ನಡೆದಿದೆ, ಅಲ್ಲಿ ರಿಕವರಿ ಗಾಡಿ, ಡಾಕ್ಟ್ರು ಎಲ್ಲ ಇರ್ತಾರೆ.

ಇಳಿಯೋ ಮುಂಚೆ ಹಗ್ಗ ಹಾಕ್ಬೇಕು ಅನ್ನೋದು ನಾವು ಕಷ್ಟಪಟ್ಟು ಕಲಿತಿದ್ದು. ಗಾಡಿ ನಿಂತ ಮೇಲೆ ಕೆಂಪು ನೀರೊಳಗೆ ಕೈ ಹಾಕಿ ಹುಕ್ ಹುಡುಕೋದು ಆಗಲ್ಲದ ಮಾತು. ಹಿಂದಿನ ರಿಕವರಿ ಪಾಯಿಂಟ್‌ಗೆ ಸ್ಟ್ರ್ಯಾಪ್ ಹಾಕಿ ಅದರ ತುದಿ ಕೈಗೆ ಸಿಗೋ ಥರ ಮೇಲೆ ಕಟ್ಟಿಟ್ಟು ಇಳೀರಿ, ಎರಡನೇ ಗಾಡಿ ದಡದಲ್ಲೇ ಇರ್ಲಿ. ಸೀಟ್‌ಬೆಲ್ಟ್ ಬಿಚ್ಚಿ, ಕಿಟಕಿ ಗಾಜು ಪೂರ್ತಿ ಇಳಿಸಿ. ಪವರ್ ವಿಂಡೋ ನೀರಲ್ಲಿ ಕೈಕೊಟ್ರೆ ಬಾಗಿಲೇ ಗತಿ, ಬಾಗಿಲ ಮೇಲೆ ಹೊರಗಿಂದ 60 ಸೆಂ.ಮೀ. ನೀರು ನಿಂತಿದ್ರೆ ಅದರ ಒತ್ತಡ 180 ಕೆಜಿ ತೂಕದಷ್ಟು, ಒಳಗಿಂದ ಕೂತು ಅದನ್ನ ತಳ್ಳೋಕೆ ಯಾರಿಗೂ ಆಗಲ್ಲ. ಮಕ್ಕಳು, ವಯಸ್ಸಾದವರು ಗಾಡೀಲಿ ಬೇಡ, ಅವರು ಸಂಕದ ಮೇಲೆ ನಡ್ಕೊಂಡು ಬರ್ಲಿ.

ಇದು ಹಳ್ಳ ಹೊಳೆ ಇರೋರಿಗೆ ಮಾತ್ರ ಅಂದ್ಕೋಬೇಡಿ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಮಳೆ ನೀರಲ್ಲಿ ಕಾರು ಮುಳುಗಿ 22 ವರ್ಷದ ಹುಡುಗಿ ತೀರ್ಕೊಂಡ್ಲು, ಅದೂ ಹಗಲು ಹೊತ್ತು, ವಿಧಾನಸೌಧದಿಂದ ಕೂಗಳತೆ ದೂರದಲ್ಲಿ. ಅಂಡರ್‌ಪಾಸ್ ಅಂದ್ರೆ ಇಳಿಜಾರು, ಮೇಲಿಂದ ನೋಡಿದ್ರೆ ನೀರು ಎಲ್ಲಾ ಕಡೆ ಒಂದೇ ಥರ ಕಾಣತ್ತೆ, ಹತ್ತು ಹೆಜ್ಜೆ ಮುಂದೆ ಹೋದ್ರೆ ಅದೇ ನೀರು ಚಾವಣಿ ಮುಟ್ಟಿರತ್ತೆ. ಆ ಸುದ್ದಿ ಓದಿದ ದಿನ ನಾನು ನಮ್ಮ ಕಲ್ಲಿನ ಗೆರೆಗಳಿಗೆ ಹೊಸದಾಗಿ ಪೇಂಟ್ ಹೊಡೆದೆ, ಮಾಸಿಹೋಗಿತ್ತು.

ದಾಟಿ ಆ ಕಡೆ ಹತ್ತಿದ ಮೇಲೆ ಕೆಲಸ ಮುಗೀಲಿಲ್ಲ. ಬ್ರೇಕ್ ಹಿಡಿಯಲ್ಲ, ಡ್ರಮ್ ಇದ್ರಂತೂ ಒಳಗೆ ನೀರು ನಿಂತಿರತ್ತೆ, ಎಡಗಾಲಲ್ಲಿ ಮೆಲ್ಲಗೆ ಬ್ರೇಕ್ ತುಳ್ಕೊಂಡೇ ನೂರು ಇನ್ನೂರು ಮೀಟರ್ ಓಡಿಸಿದ್ರೆ ಒಣಗತ್ತೆ. ಇನ್ನೊಂದು ಕಣ್ಣಿಗೆ ಕಾಣದ್ದು ಹೌಸಿಂಗ್ ಒಳಗಿನ ಕಥೆ. ಓಡಿ ಬಿಸಿಯಾಗಿರೋ ಡಿಫ್ರೆನ್ಷಿಯಲ್ (ಆಕ್ಸಲ್‌ನಲ್ಲಿರೋ ಗೇರ್‌ಗಳ ಡಬ್ಬಿ) ತಣ್ಣೀರಲ್ಲಿ ಮುಳುಗಿದ ತಕ್ಷಣ ಒಳಗಿನ ಗಾಳಿ ಕುಗ್ಗತ್ತೆ, ಹೊರಗಿಂದ ಏನಾದ್ರೂ ಎಳ್ಕೊಳೋಕೆ ನೋಡತ್ತೆ. ಗಾಳಿ ಆಡ್ಲಿ ಅಂತಲೇ ಮೇಲ್ಗಡೆ ಬ್ರೀದರ್ ಅಂತ ಒಂದು ಸಣ್ಣ ಮೂತಿ ಇರತ್ತೆ, ಅದು ಕೆಸರು ಕಟ್ಟಿದ್ರೆ ಇಲ್ಲಾ ಅದೂ ಮುಳುಗಿದ್ರೆ, ಬ್ರೀದರ್‌ನಿಂದಲೋ ಆಕ್ಸಲ್ ಸೀಲ್ ಸಂದಿಯಿಂದಲೋ ನೀರೇ ಒಳಗೆ ಹೋಗತ್ತೆ. ತಕ್ಷಣ ಏನೂ ಗೊತ್ತಾಗಲ್ಲ, ಎರಡು ಮೂರು ತಿಂಗಳಾದ್ಮೇಲೆ ಅದರೊಳಗಿನ ಕ್ರೌನ್ ಪಿನಿಯನ್ ಗೇರ್ ಕೂಗೋಕೆ ಶುರು. ಬ್ರೀದರ್‌ಗೆ ಒಂದು ಉದ್ದ ಹೋಸ್ ಹಾಕಿ ಬಾನೆಟ್ ಎತ್ತರಕ್ಕೆ ತಂದು ಕಟ್ಟಿಸೋದು ಕೆಲವು ನೂರು ರೂಪಾಯಿ ಖರ್ಚು, ಸ್ನಾರ್ಕಲ್‌ಗಿಂತ ಮೊದಲು ಮಾಡಿಸ್ಬೇಕಾದ ಕೆಲಸ ಅಂದ್ರೆ ನನ್ನ ಪ್ರಕಾರ ಇದೇ. ಮಳೆಗಾಲ ಮುಗಿದ ಮೇಲೆ ಗೇರ್ ಆಯಿಲ್ ಸ್ವಲ್ಪ ಇಳಿಸಿ ಬಣ್ಣ ನೋಡಿ, ಯುಜೆ ಕ್ರಾಸ್‌ಗಳಿಗೆ (ಪ್ರೊಪೆಲ್ಲರ್ ಶಾಫ್ಟ್‌ನ ಕೀಲುಗಳು) ಗ್ರೀಸ್ ಹೊಡೆಸಿ. ಕರಾವಳೀಲಿ ಉಪ್ಪು ನೀರಿಗೆ ಇಳಿಸಿದ್ರೆ ಅದೇ ದಿನ ಅಡಿ ತೊಳೀಬೇಕು.

ಈಗ ಗೆರೆಗೆ ವಾಪಸ್ ಬರೋಣ. 65 ಸೆಂ.ಮೀ. ಅಂತ ಕಂಪನಿ ಹೇಳತ್ತೆ. ಒಂದು ಚಕ್ರ ಗುಂಡಿಗೆ ಇಳಿಯತ್ತೆ ಅಂತ ಅರ್ಧ ಅಡಿ, 15 ಕಳೀರಿ, 50 ಉಳೀತು. ಓಡೋ ನೀರು ಗಾಡಿಗೆ ಬಡಿದಾಗ ಮೇಲ್ಗಡೆ ಪಕ್ಕದಲ್ಲಿ ಏರತ್ತೆ, ಅದಕ್ಕೆ 5 ಕಳೀರಿ. 45 ಬಂತು. ಅಪ್ಪಯ್ಯ ಈ ಲೆಕ್ಕ ಮಾಡಿರಲಿಲ್ಲ, ಅವರಿಗೆ 650 ಅನ್ನೋ ನಂಬರೇ ಗೊತ್ತಿರಲಿಲ್ಲ, ಜೀಪಿನ ಫ್ಯಾನ್ ಬ್ಲೇಡಿನ ಕೆಳತುದಿ ನೋಡ್ಕೊಂಡು ಅದಕ್ಕೂ ಕೆಳಗೆ ಗೆರೆ ಎಳೆದಿದ್ರು, ಎರಡೂ ಒಂದೇ ಕಡೆ ಬಂದು ನಿಂತಿದೆ. ನಮ್ಮದು ಸಣ್ಣ ಹಳ್ಳ, ಮೇಲೆ ಮಳೆ ನಿಂತ್ರೆ ಎರಡು ಮೂರು ಗಂಟೇಲಿ ನೀರು ಇಳಿಯತ್ತೆ. ಅದಕ್ಕೇ ಜೀಪಿನ ಸೀಟಿನ ಕೆಳಗೆ ಒಂದು ಫ್ಲಾಸ್ಕು, ಒಂದು ಡಬ್ಬಿ ಹುರಿದ ಹಲಸಿನ ಬೀಜ ಜೂನ್‌ನಿಂದ ಆಗಸ್ಟ್‌ವರೆಗೂ ಇದ್ದೇ ಇರತ್ತೆ, ಮೊದಲು ಕೆಂಪು ಗೆರೆ ಕಾಣೋವರೆಗೂ ಕೂರ್ತೀವಿ, ಆಮೇಲೆ ಕೋಲು ತಗೊಂಡು ಇಳೀತೀವಿ.